ಧಕ್ಕೆಯ ಹಳೇ ಗೋದಾಮಿನಲ್ಲಿ ಮನೆ: ಯಾವುದು ಯಾರಿಗೆ?

ಲಂಡನ್, ಲಿವರ್‌ಪೂಲ್, ಆಮ್‌ಸ್ಟರ್‌ಡ್ಯಾಂ, ಬಾಸ್ಟನ್, ಸಿಡ್ನಿ. ಒಂದು ಕಾಲಕ್ಕೆ ಧಕ್ಕೆಯಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಯಲ್ಲಿ, ಹಡಗಿನಿಂದ ಇಳಿದ ಚಹಾ, ಹತ್ತಿ, ತಂಬಾಕು, ಮಸಾಲೆ ತುಂಬಿಡುತ್ತಿದ್ದ ಗೋದಾಮುಗಳಲ್ಲಿ ಈಗ ಜನ ಸಂಸಾರ ಮಾಡುತ್ತಿದ್ದಾರೆ. ಇಂಥ ಮನೆ ಹುಡುಕಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಾಲ್ಕೈದು ನೋಡಿದೆವು. ಎಲ್ಲದರಲ್ಲೂ ಇಟ್ಟಿಗೆ ಗೋಡೆ, ಕಬ್ಬಿಣದ ಕಂಬ, ಕಿಟಕಿಯಾಚೆ ನೀರು. ಬೆಲೆ ಮಾತ್ರ ಒಂದಕ್ಕೊಂದು ತಾಳೆಯಾಗೋದಿಲ್ಲ. ಯಾವುದನ್ನು ಹಿಡಿಯೋದು?"

ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ, ನಿಜ. ವಾಸಕ್ಕೆ ಹೋದ ಮೇಲೆ ಒಂದೊಂದೂ ಬೇರೆ. ಯಾಕೆಂದರೆ ಇವನ್ನು ಕಟ್ಟಿದ್ದು ಸರಕಿಗೆ, ಮನುಷ್ಯರಿಗಲ್ಲ. ಸರಕಿಗೆ ಬೆಳಕು ಬೇಕಿಲ್ಲ. ತಂಪಾಗಿರಬೇಕು, ನೆಲ ಭಾರ ತಾಳಬೇಕು, ಕಳ್ಳ ನುಗ್ಗಬಾರದು. ಅದಕ್ಕೇ ಕಟ್ಟಡ ಆಳ, ಕಿಟಕಿ ಸಣ್ಣದು, ಗೋಡೆ ದಪ್ಪ. ನಮಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ಗೋದಾಮನ್ನು ಮನೆ ಮಾಡುವಾಗ ಈ ಎರಡರ ನಡುವೆ ಏನೋ ಒಂದು ರಾಜಿ ಆಗಿಯೇ ಇರುತ್ತದೆ. ಅದು ಎಲ್ಲಿ ಆಗಿದೆ, ಅದರಲ್ಲೂ ಕಟ್ಟಡದ ನಡುವಿನ ಕತ್ತಲೆಯನ್ನು ಏನು ಮಾಡಿದ್ದಾರೆ ಅಂತ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ನದಿಯ ನೋಟ ಆಮೇಲೆ.

ಈ ಕಟ್ಟಡಗಳು ಖಾಲಿ ಬಿದ್ದಿದ್ದಕ್ಕೆ ದೊಡ್ಡ ಕಾರಣ ಕಂಟೇನರ್. 1956ರಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನೆವಾರ್ಕಿನಿಂದ ಹ್ಯೂಸ್ಟನ್‌ಗೆ ಹೋಯಿತು. ಸರಕು ಪೆಟ್ಟಿಗೆಯೊಳಗೇ ಬರತೊಡಗಿದ ಮೇಲೆ ಅದನ್ನು ಬಯಲಲ್ಲೇ ಪೇರಿಸಿಡಬಹುದು, ಮಾಡು ಬೇಕಿಲ್ಲ. ದೊಡ್ಡ ಹಡಗಿಗೆ ಆಳದ ನೀರು ಬೇಕು, ಹಾಗಾಗಿ ಬಂದರುಗಳೇ ಊರಾಚೆ ಹೋದವು. ಲಂಡನ್ನಿನ ಸೇಂಟ್ ಕ್ಯಾಥರಿನ್ ಡಾಕ್ (ಡಾಕ್ ಅಂದರೆ ಹಡಗು ನಿಲ್ಲಲು ಕಟ್ಟಿದ ಕೊಳ) 1968ರಲ್ಲಿ ಮುಚ್ಚಿತು, ಲಿವರ್‌ಪೂಲಿನ ಆಲ್ಬರ್ಟ್ ಡಾಕ್ 1972ರಲ್ಲಿ. ಅದೇ 1972ರಲ್ಲಿ ಲಂಡನ್ನಿನ ವ್ಯಾಪಿಂಗ್‌ನಲ್ಲಿ, 1870ರ ಹೊತ್ತಿಗೆ ಕಟ್ಟಿದ ಆಲಿವರ್ಸ್ ವಾರ್ಫ್ ಎಂಬ ಗೋದಾಮು ಫ್ಲ್ಯಾಟುಗಳಾಗಿ ಬದಲಾಯಿತು. ಆ ಭಾಗದಲ್ಲಿ ಮೊದಮೊದಲು ಆದವುಗಳಲ್ಲಿ ಅದೂ ಒಂದು.

ಮೊದಲು ಏನನ್ನು ಅಳೆಯಬೇಕು

ಬೆಳಕಿನಿಂದ ಶುರು ಮಾಡೋಣ. ಹಗಲು ಬೆಳಕು ಒಳಗೆ ಎಷ್ಟು ದೂರ ಬರುತ್ತದೆ ಅನ್ನೋದಕ್ಕೆ ವಾಸ್ತುಶಿಲ್ಪಿಗಳ ಹತ್ತಿರ ಒಂದು ಸರಳ ಲೆಕ್ಕ ಇದೆ. ನೆಲದಿಂದ ಕಿಟಕಿಯ ಮೇಲಂಚು ಎಷ್ಟು ಎತ್ತರವೋ, ಅದರ ಎರಡರಿಂದ ಎರಡೂವರೆ ಪಟ್ಟು. ಮೇಲಂಚು 2.4 ಮೀಟರ್ ಎತ್ತರದಲ್ಲಿದ್ದರೆ ಓದಲು ಬರೆಯಲು ಸಾಕಾಗುವಷ್ಟು ಬೆಳಕು 5ರಿಂದ 6 ಮೀಟರ್ ತನಕ ಬರುತ್ತದೆ. ಕಟ್ಟಡದ ಆಳ 25 ಮೀಟರ್ ಅಂತ ಇಟ್ಟುಕೊಳ್ಳಿ. ಎರಡೂ ತುದಿಗೆ ಕಿಟಕಿ ಇದ್ದರೂ ನಡುವಿನ 13 ಮೀಟರ್ ಮಬ್ಬು. ಆ ಮಬ್ಬಿನಲ್ಲಿ ಬಚ್ಚಲು, ಸ್ಟೋರ್ ರೂಂ, ಓಡಾಡುವ ಪ್ಯಾಸೇಜ್ ಇಟ್ಟರೆ ತಪ್ಪಿಲ್ಲ. ನಕ್ಷೆಯಲ್ಲಿ "ಸ್ಟಡಿ" ಅಂತ ಬರೆದ ಕೋಣೆಗೆ ಕಿಟಕಿ ಇದೆಯಾ, ಅದನ್ನು ನೋಡಿ. ಎಷ್ಟೋ ಕಡೆ ಇರೋದಿಲ್ಲ. ಮನೆ ನೋಡಲು ಹೋದಾಗ ಎಲ್ಲ ದೀಪ ಆರಿಸಲು ಹೇಳಿ, ಮಧ್ಯದಲ್ಲಿ ನಿಂತು ಕೈಯಲ್ಲಿರುವ ಕಾಗದ ಓದಲು ಬರುತ್ತದಾ ನೋಡಿ. ದಲ್ಲಾಳಿಗಳು ದೀಪ ಹಾಕಿಟ್ಟೇ ಬಾಗಿಲು ತೆರೆಯುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಶಬ್ದ. ಇವತ್ತು ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 150ರಿಂದ 200 ಕೆಜಿ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಭಾರೀ ಸರಕಿನ ಗೋದಾಮಿಗೆ ಅದು 1,200 ಕೆಜಿ ತನಕ ಹೋಗುತ್ತದೆ. ಇಷ್ಟು ಗಟ್ಟಿ ನೆಲ ಅಂದಮೇಲೆ ಮೇಲಿನವರ ಸದ್ದು ಕೇಳಲಿಕ್ಕಿಲ್ಲ ಅಂತ ಅನಿಸುತ್ತದೆ, ಅಲ್ವಾ? ಆದರೆ ಭಾರ ತಾಳುವುದು ಬೇರೆ, ಶಬ್ದ ತಡೆಯುವುದು ಬೇರೆ. ಮರದ ಗೋದಾಮಿನಲ್ಲಿ ಮೇಲಿನ ಮನೆಯ ನೆಲವೇ ನಿಮ್ಮ ಸೂರು. ದಪ್ಪ ತೊಲೆ, ಅದರ ಮೇಲೆ ಹಲಗೆ, ಮುಗೀತು. ಶಬ್ದ ತಡೆಯಲು ತೊಲೆಯ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿದರೆ, ಯಾವ ತೊಲೆ ನೋಡಿ ಜಾಸ್ತಿ ಹಣ ಕೊಟ್ಟಿರೋ ಅದೇ ಮುಚ್ಚಿಹೋಗುತ್ತದೆ. ಇಲ್ಲವೇ ಮೇಲಿನವರ ಹಲಗೆಯ ಮೇಲೆ ಮೆತ್ತನೆಯ ಪದರ ಹಾಸಿ ಇನ್ನೊಂದು ನೆಲ ಕೂರಿಸಬೇಕು. ಆಗ ಅವರ ಮನೆಯ ಎತ್ತರ ಕಮ್ಮಿಯಾಗುತ್ತದೆ, ಬಾಗಿಲು, ಮೆಟ್ಟಿಲು ಎಲ್ಲದರ ಮಟ್ಟ ಬದಲಾಗುತ್ತದೆ. ತೊಲೆ, ಹಲಗೆ ಎಲ್ಲ ಬಯಲಾಗಿ ಕಾಣುವ ಮನೆ ಸಿಕ್ಕರೆ, "ಮೇಲೆ ಏನು ಹಾಸಿದ್ದೀರಿ?" ಅಂತ ಕೇಳಿಯೇ ಮುಂದಿನ ಮಾತು.

ಗೋಡೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಹಳೇ ಗೋಡೆ ನಡುವೆ ಗಾಳಿಸಂದು ಬಿಟ್ಟ ಜೋಡಿ ಗೋಡೆಯಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಒಂದೇ ದಪ್ಪ ಗೋಡೆ. ಮಳೆಗೆ ಒಂದಿಷ್ಟು ನೀರು ಹೀರುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ಯಾರಾದರೂ ರಿಪೇರಿ ಅಂತ ಇಟ್ಟಿಗೆ ಸಂದಿಗೆ ಸಿಮೆಂಟ್ ತುಂಬಿದ್ದರೆ ತೇವ ಹೊರಗೆ ಹೋಗಲು ದಾರಿ ಸಿಗದೆ ಇಟ್ಟಿಗೆಯ ಮೂಲಕವೇ ಹೋಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಪದರ ಪದರವಾಗಿ ಕಿತ್ತುಹಾಕುತ್ತದೆ. ಹೊರಗೆ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. ಗಾರೆ ಹಾಗೇ ಗಟ್ಟಿಯಾಗಿ ಮುಂದೆ ಚಾಚಿರುತ್ತದೆ, ಇಟ್ಟಿಗೆ ಒಳಗೆ ತಿಂದುಹೋಗಿರುತ್ತದೆ. ಇನ್ನೂ ನಾಜೂಕಾದ ಜಾಗ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವಲ್ಲಿ. ಗೋಡೆಗೆ ಒಳಗಿನಿಂದ ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಪದರ) ಹೊಡೆದರೆ ಕೋಣೆ ಬೆಚ್ಚಗಾಗುತ್ತದೆ, ಆದರೆ ಗೋಡೆ ಮೊದಲಿಗಿಂತ ತಣ್ಣಗಾಗುತ್ತದೆ. ಕೋಣೆಯ ಹಸಿ ಗಾಳಿ ಸಂದಿಯಲ್ಲಿ ನುಸುಳಿ ಆ ತಣ್ಣನೆಯ ತುದಿಗೆ ತಾಗಿ ನೀರಾಗುತ್ತದೆ. ಮರ ಒಳಗೊಳಗೇ ಕೊಳೆಯುತ್ತದೆ, ಕೋಣೆಯಲ್ಲಿ ಕೂತವರಿಗೆ ಏನೂ ಕಾಣೋದಿಲ್ಲ. ಇನ್ಸುಲೇಷನ್ ಇದೆ ಅಂದರೆ ಸಂತೋಷವೇ, ಆದರೆ ತೊಲೆ ತುದಿಗೆ ಏನು ವ್ಯವಸ್ಥೆ ಮಾಡಿದ್ದಾರೆ ಅಂತ ಸರ್ವೇಯರ್, ಅಂದರೆ ಕಟ್ಟಡ ಪರೀಕ್ಷಿಸುವ ತಜ್ಞ, ನೋಡಿ ಹೇಳಲಿ.

ಬೆಂಕಿಯ ವಿಷಯದಲ್ಲಿ ಜನರ ಅಂದಾಜು ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಮರ ಅಂದರೆ ಭಯ, ಕಬ್ಬಿಣ ಅಂದರೆ ಧೈರ್ಯ. ದಪ್ಪ ತೊಲೆಗೆ ಬೆಂಕಿ ತಗುಲಿದರೆ ಹೊರಮೈ ಇದ್ದಿಲಾಗುತ್ತದೆ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ, ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಮ್ಮಿ ವೇಗದಲ್ಲಿ ಸುಡುತ್ತದೆ. ಎರಕದ ಕಬ್ಬಿಣದ ಕಂಬ ಹಾಗಲ್ಲ. ಕಾದಾಗ ತಣ್ಣೀರು ಬಿದ್ದರೆ ಥಟ್ಟನೆ ಸೀಳಬಹುದು. ಅದಕ್ಕೇ ಒಳ್ಳೆ ಕೆಲಸ ಮಾಡಿದವರು ಕಂಬಕ್ಕೆ ಶಾಖ ತಗುಲಿದಾಗ ಉಬ್ಬಿ ಪದರವಾಗುವ ಬಣ್ಣ ಬಳಿದಿರುತ್ತಾರೆ. 1861ರಲ್ಲಿ ಲಂಡನ್ನಿನ ಟೂಲಿ ಸ್ಟ್ರೀಟ್ ಧಕ್ಕೆಯ ಗೋದಾಮುಗಳಿಗೆ ಬಿದ್ದ ಬೆಂಕಿ ಎರಡು ವಾರ ಉರಿಯಿತು. ಅಗ್ನಿಶಾಮಕ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತರು. ಗೋದಾಮುಗಳ ನಡುವಿನ ಕಬ್ಬಿಣದ ಬಾಗಿಲುಗಳನ್ನು ಮುಚ್ಚದೆ ಬಿಟ್ಟಿದ್ದರಿಂದ ಬೆಂಕಿ ಒಂದರಿಂದ ಒಂದಕ್ಕೆ ಹಬ್ಬಿತ್ತು. ವಿಮೆ ಕಂಪನಿಗಳು ಇನ್ನು ನಮ್ಮ ಕೈಲಾಗದು ಅಂದವು, 1866ರಲ್ಲಿ ಸಾರ್ವಜನಿಕ ಅಗ್ನಿಶಾಮಕ ದಳ ಬಂತು. ನೀವು ನೋಡಬೇಕಾದ್ದೂ ಅದನ್ನೇ: ಕಂಬ ಮರದ್ದೋ ಕಬ್ಬಿಣದ್ದೋ ಅನ್ನೋದಕ್ಕಿಂತ, ಮನೆಮನೆಯ ನಡುವೆ ಬೆಂಕಿ ತಡೆಯುವ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಇಳಿದು ಹೋಗಲು ಎರಡನೇ ಮೆಟ್ಟಿಲು ಇದೆಯಾ.

ನೀರಿನ ಬಗ್ಗೆ. ನದಿಯ ಮೇಲಿನ ಮನೆ ಬೇರೆ, ಡಾಕಿನ ಮೇಲಿನ ಮನೆ ಬೇರೆ. ಡಾಕಿಗೆ ಗೇಟು ಇರುತ್ತದೆ, ನೀರಿನ ಮಟ್ಟ ಹೆಚ್ಚುಕಮ್ಮಿ ಹಾಗೇ ನಿಂತಿರುತ್ತದೆ. ಥೇಮ್ಸ್ ನದಿಯಲ್ಲಿ ಲಂಡನ್ ಬ್ರಿಡ್ಜ್ ಹತ್ತಿರ ಉಬ್ಬರ ಇಳಿತದ ನಡುವಿನ ಅಂತರ 7 ಮೀಟರ್ ತನಕ ಇರುತ್ತದೆ. ಬೆಳಿಗ್ಗೆ ಕಿಟಕಿ ತನಕ ಬಂದಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ದೂರ ಸರಿದು ಕೆಸರು, ಕಲ್ಲು, ಹಳೇ ಮರದ ಗೂಟ ಕಾಣುತ್ತವೆ. ನನಗೆ ಅದೇ ಚೆಂದ. ಎಲ್ಲರಿಗೂ ಹಾಗನಿಸಬೇಕು ಅಂತೇನಿಲ್ಲ, ಬೇಸಿಗೆಯಲ್ಲಿ ಒಂದಿಷ್ಟು ವಾಸನೆಯೂ ಇರುತ್ತದೆ. ಪ್ರವಾಹದ ವಿಷಯ ಊರಿಂದ ಊರಿಗೆ ಬೇರೆ. ಲಂಡನ್ನಿಗೆ 1982ರಿಂದ ಥೇಮ್ಸ್ ಬ್ಯಾರಿಯರ್ ಎಂಬ, ಪ್ರವಾಹ ತಡೆಯುವ ಗೇಟುಗಳ ಸಾಲು ಇದೆ. ಹ್ಯಾಂಬರ್ಗಿನ ಶ್ಪೈಶರ್‌ಷ್ಟಾಟ್ ಎಂಬ ಗೋದಾಮುಗಳ ಇಡೀ ಬಡಾವಣೆ ಪ್ರವಾಹ ತಡೆಗೋಡೆಯ ಹೊರಗಿದೆ. 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಅಷ್ಟು ಚೆಂದದ ಸಾಲಿನಲ್ಲೂ ವಾಸದ ಮನೆಗಳು ಹೆಚ್ಚಿಲ್ಲ. ಆಮ್‌ಸ್ಟರ್‌ಡ್ಯಾಮಿನಂಥ ಊರಲ್ಲಿ ಕಟ್ಟಡ ನಿಂತಿರುವುದೇ ಮರದ ಗೂಟಗಳ ಮೇಲೆ. ಗೂಟ ನೀರಲ್ಲಿ ಮುಳುಗಿರುವ ತನಕ ತೊಂದರೆ ಇಲ್ಲ. ನೆಲದಡಿಯ ನೀರು ಇಳಿದು ಗೂಟದ ತಲೆಗೆ ಗಾಳಿ ತಾಗಿದರೆ ಕೊಳೆಯಲು ಶುರು. ಅಲ್ಲೆಲ್ಲ ಅಡಿಪಾಯದ ವರದಿ ನೋಡದೆ ಮುಂಗಡ ಕೊಡಬೇಡಿ.

ಕೊನೆಯದು ತಿಂಗಳ ಖರ್ಚು ಮತ್ತು ಕಾನೂನು. ಸಂರಕ್ಷಿತ ಕಟ್ಟಡವಾದರೆ ಕಿಟಕಿ, ಬಾಗಿಲು, ಕೆಲವೊಮ್ಮೆ ಒಳಗಿನ ಕಂಬಕ್ಕೂ ಅನುಮತಿ ಇಲ್ಲದೆ ಕೈಹಚ್ಚುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಇದು ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕ ಅನುಮತಿ ಇಲ್ಲದೆ ಮಾಡಿದ್ದನ್ನು ಸರಿಪಡಿಸಿ ಅಂತ ಈಗಿನ ಮಾಲೀಕನಿಗೆ ನೋಟಿಸ್ ಬರಬಹುದು. ಜೊತೆಗೆ ಅಲ್ಲಿ ಉಬ್ಬರ ಬರುವ ನದಿಯ ದಡದ ತಡೆಗೋಡೆ ಸಾಮಾನ್ಯವಾಗಿ ದಡದ ಮಾಲೀಕರ ಹೊಣೆ. ಆ ಗೋಡೆ ರಿಪೇರಿಗೆ ಬಂದರೆ ಖರ್ಚು ಎಲ್ಲ ಫ್ಲ್ಯಾಟುಗಳ ಮೇಲೆ ಹಂಚಿ ಬೀಳುತ್ತದೆ. ಮೂವತ್ತು ಫ್ಲ್ಯಾಟಿನ ಕಟ್ಟಡಕ್ಕೂ ಮುನ್ನೂರು ಫ್ಲ್ಯಾಟಿನ ಕಟ್ಟಡಕ್ಕೂ ಇಲ್ಲಿ ತುಂಬಾ ವ್ಯತ್ಯಾಸ.

ಕಂಬ ತೊಲೆ ಹಾಗೇ ಉಳಿಸಿಕೊಂಡ ಮನೆ

ಆಲಿವರ್ಸ್ ವಾರ್ಫ್ ಈ ಬಗೆಯದು. ಥೇಮ್ಸ್‌ನ ದಕ್ಷಿಣ ದಡದಲ್ಲಿ 1980ರ ದಶಕದ ಮೊದಲಲ್ಲಿ ಫ್ಲ್ಯಾಟುಗಳಾದ ನ್ಯೂ ಕಾಂಕಾರ್ಡಿಯಾ ವಾರ್ಫ್, ಆಮೇಲೆ ವಿನ್ಯಾಸಕಾರ ಟೆರೆನ್ಸ್ ಕಾನ್ರನ್ ಮುಂದಾಳತ್ವದಲ್ಲಿ ಬದಲಾದ ಬಟ್ಲರ್ಸ್ ವಾರ್ಫ್ ಸುತ್ತಮುತ್ತಲಿನ ಕೆಲವು ಕಟ್ಟಡಗಳೂ ಇದೇ ಸಾಲಿನವು. ಅಲ್ಲಿನ ಶ್ಯಾಡ್ ಥೇಮ್ಸ್ ಓಣಿಯಲ್ಲಿ ತಲೆಯೆತ್ತಿ ನೋಡಿದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಬ್ಬಿಣದ ಸೇತುವೆಗಳು ಅಡ್ಡಡ್ಡ ಹೋಗಿವೆ. ನದಿ ಕಡೆಯ ಗೋದಾಮಿನಿಂದ ಹಿಂದಿನ ಗೋದಾಮಿಗೆ ಸರಕು ಉರುಳಿಸಿಕೊಂಡು ಹೋಗಲು ಇದ್ದ ದಾರಿ ಅದು.

ಇಂಥ ಮನೆಯಲ್ಲಿ ಸಿಗುವಂಥದ್ದು ಬೇರೆ ಎಲ್ಲೂ ಸಿಗೋದಿಲ್ಲ. ಸರಕು ಎಳೆದುಕೊಳ್ಳುತ್ತಿದ್ದ ಬಾಗಿಲುಗಳನ್ನು ನೋಡಿ. ಪ್ರತಿ ಅಂತಸ್ತಿನಲ್ಲೂ ಒಂದರ ಮೇಲೊಂದು ನೆಲಮಟ್ಟದ ಬಾಗಿಲು, ಎಲ್ಲಕ್ಕೂ ಮೇಲೆ ರಾಟೆ ಅಥವಾ ಗೋಡೆಗೆ ಕೂರಿಸಿದ ಕ್ರೇನ್. ಈಗ ಅಲ್ಲಿ ಗಾಜು ಕೂರಿಸಿ ಪುಟ್ಟ ಬಾಲ್ಕನಿ ಮಾಡಿರುತ್ತಾರೆ. ಬಾಗಿಲಿನ ಅಂಚಿನ ಇಟ್ಟಿಗೆ ದುಂಡಗಿದ್ದರೆ ಅದು ಬೇಕಂತಲೇ ಮಾಡಿದ್ದು, ಹಗ್ಗ, ಮೂಟೆ ತಗುಲಿ ಮೂಲೆ ಒಡೆಯಬಾರದು ಅಂತ. ಇಂಥ ದೊಡ್ಡ ತೆರಪು ಇರುವ ಫ್ಲ್ಯಾಟಿಗೂ ಬರೀ ಸಣ್ಣ ಕಮಾನು ಕಿಟಕಿ ಇರುವ ಪಕ್ಕದ ಫ್ಲ್ಯಾಟಿಗೂ ಬೆಳಕಿನಲ್ಲಿ ಅಜಗಜಾಂತರ. ಒಂದೇ ಕಟ್ಟಡ, ಒಂದೇ ಅಂತಸ್ತು ಇರಬಹುದು. ಹಣ ಸ್ವಲ್ಪ ಜಾಸ್ತಿ ಆದರೂ ಆ ಬಾಗಿಲಿರುವ ಫ್ಲ್ಯಾಟೇ ತಗೊಳ್ಳಿ ಅಂತ ನಾನು ಹೇಳುತ್ತೇನೆ.

ಕಷ್ಟ ಏನೆಂದರೆ ಮೇಲೆ ಹೇಳಿದ್ದೆಲ್ಲ ಇಲ್ಲೇ ಹೆಚ್ಚು. ನಡುಭಾಗ ಕತ್ತಲೆ, ಶಬ್ದ ಇಳಿಯುತ್ತದೆ, ಬೆಚ್ಚಗಿಡಲು ಖರ್ಚು ಹೆಚ್ಚು. ಹಳೇ ಕಿಟಕಿ ತೆಗೆದು ಡಬಲ್ ಗ್ಲಾಸ್ ಹಾಕಲು ಅನುಮತಿ ಸಿಗುವುದು ಕಷ್ಟ. ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸುವುದೇ ಸಾಮಾನ್ಯ ಉಪಾಯ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಫ್ಲ್ಯಾಟು ಅಂದರೆ ಹೆಚ್ಚಾಗಿ ಲೀಸ್, ಅಂದರೆ ಇಂತಿಷ್ಟು ವರ್ಷಕ್ಕೆ ಅಂತ ಕೊಂಡ ಹಕ್ಕು. 1980ರ ದಶಕದಲ್ಲಿ 125 ವರ್ಷಕ್ಕೆ ಬರೆದುಕೊಟ್ಟ ಲೀಸಿನಲ್ಲಿ ಆಗಲೇ ನಲವತ್ತು ವರ್ಷ ಕಳೆದಿರುತ್ತದೆ. ಉಳಿದ ವರ್ಷ ಕಮ್ಮಿಯಾದಷ್ಟೂ ಬ್ಯಾಂಕ್ ಸಾಲ ಕಷ್ಟ. ಲೀಸ್ ಮುಂದುವರಿಸಲು ಆಗುವ ಖರ್ಚನ್ನು ಬೆಲೆಯ ಜೊತೆಗೇ ಕೂಡಿ ನೋಡಿ.

ಲಿವರ್‌ಪೂಲಿನ ಆಲ್ಬರ್ಟ್ ಡಾಕ್ ಇದೇ ಬಗೆಯದಾದರೂ ಅದರ ಸ್ವಭಾವ ಬೇರೆ. ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ ಅದನ್ನು ಬರೀ ಇಟ್ಟಿಗೆ, ಕಲ್ಲು, ಎರಕದ ಕಬ್ಬಿಣದಲ್ಲಿ ಕಟ್ಟಿದ. ಭಾರ ಹೊರುವ ಜಾಗದಲ್ಲಿ ಮರ ಬಳಸಲೇ ಇಲ್ಲ. 1846ರಲ್ಲಿ ತೆರೆದಾಗ ಬೆಂಕಿಗೆ ಜಗ್ಗದ ಗೋದಾಮು ಅಂತಲೇ ಅದಕ್ಕೆ ಹೆಸರು. ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಕಮಾನು, ಅದರ ಮೇಲೆ ನೆಲ. ಹೀಗೆ ಕಟ್ಟಿದ ನೆಲ ತೂಕದ್ದು, ಮೇಲಿನವರ ಮಾತು ಕೆಳಗೆ ಇಳಿಯುವುದು ಮರದ ನೆಲಕ್ಕಿಂತ ಎಷ್ಟೋ ಕಮ್ಮಿ. ಶಬ್ದ ಆಗದವರು, ಆದರೆ ಹಳೇ ಕಟ್ಟಡವೇ ಬೇಕು ಅನ್ನುವವರು ಯಾವ ಊರಲ್ಲಾದರೂ ಸರಿ ಇಂಥ ಕಮಾನು ನೆಲದ ಗೋದಾಮನ್ನೇ ಹುಡುಕಿ.

ನಡುವೆ ತೆರೆದು ಬೆಳಕು ಬಿಟ್ಟುಕೊಂಡ ಕಟ್ಟಡ

ಕತ್ತಲೆಗೆ ಸಿಕ್ಕಿರುವ ಒಳ್ಳೆಯ ಉತ್ತರ ಇದೇ ಅಂತ ನನ್ನ ನಂಬಿಕೆ. ಗೋದಾಮಿನ ಹೊಟ್ಟೆಯನ್ನು ಮೇಲಿಂದ ಕೆಳಗೆ ತೆಗೆದುಹಾಕಿ, ತೊಟ್ಟಿ ಮನೆಯ ಹಾಗೆ ನಡುವೆ ಅಂಗಳ ಮಾಡಿ, ಸುತ್ತ ಮನೆಗಳನ್ನು ಕೂರಿಸುವುದು. ಆಮ್‌ಸ್ಟರ್‌ಡ್ಯಾಮಿನ ಎಂಟ್ರೆಪೋಟ್‌ಡಾಕ್‌ನಲ್ಲಿ ಕಾಲುವೆಯ ಉದ್ದಕ್ಕೂ 84 ಗೋದಾಮುಗಳಿವೆ. ಒಂದೊಂದಕ್ಕೂ ನೆದರ್‌ಲ್ಯಾಂಡ್ಸ್, ಬೆಲ್ಜಿಯಂನ ಒಂದೊಂದು ಊರಿನ ಹೆಸರು, ಅಕ್ಷರಮಾಲೆಯ ಪ್ರಕಾರ ಸಾಲಾಗಿ. 1980ರ ದಶಕದಲ್ಲಿ ವಾಸ್ತುಶಿಲ್ಪಿ ಯೋಪ್ ವಾನ್ ಸ್ಟಿಖ್ಟ್ ಅದರ ಒಳಭಾಗ ತೆರೆದು ಅಂಗಳ ಮಾಡಿದರು. ಅದರಲ್ಲಿ ದೊಡ್ಡ ಪಾಲು ಕಮ್ಮಿ ಬಾಡಿಗೆಯ ಮನೆಗಳು. ಬಾಸ್ಟನ್ನಿನ ಮರ್ಕೆಂಟೈಲ್ ವಾರ್ಫ್ 1857ರ ಗ್ರಾನೈಟ್ ಕಟ್ಟಡ. 1976ರಲ್ಲಿ ಮನೆಗಳಾದಾಗ ನಡುವೆ ಗಾಜಿನ ಮಾಡಿನ ಒಳಾಂಗಣ ತೆರೆದರು. ಅಲ್ಲೂ ಸಾಮಾನ್ಯ ಆದಾಯದವರಿಗೆ ಮನೆಗಳನ್ನು ಇಟ್ಟರು. ಧಕ್ಕೆಯ ಗೋದಾಮು ಅಂದರೆ ಸಿರಿವಂತರಿಗೆ ಮಾತ್ರ ಅಂದುಕೊಂಡವರು ಈ ಎರಡನ್ನು ನೋಡಬೇಕು. ಬಜೆಟ್ ಕಮ್ಮಿ ಇರುವವರು ತಮ್ಮ ಊರಿನಲ್ಲಿ ವಸತಿ ಸಂಘಗಳ ಕೈಯಲ್ಲಿರುವ ಇಂಥ ಕಟ್ಟಡ ಇದೆಯಾ ಅಂತ ಮೊದಲು ವಿಚಾರಿಸಿ. ಮಾರಾಟದ ಜಾಹೀರಾತುಗಳಲ್ಲಿ ಇವು ಕಾಣಿಸೋದಿಲ್ಲ.

ಲಿವರ್‌ಪೂಲಿನ ಸ್ಟ್ಯಾನ್ಲಿ ಡಾಕ್ ತಂಬಾಕು ಗೋದಾಮು ಈ ಬಗೆಯ ದೈತ್ಯ. 1901ರಲ್ಲಿ ತೆರೆದದ್ದು, 2 ಕೋಟಿ 70 ಲಕ್ಷ ಇಟ್ಟಿಗೆ. ತಂಬಾಕಿನ ಪೀಪಾಯಿಗಳಿಗೆ ಲೆಕ್ಕ ಹಾಕಿ ಕಟ್ಟಿದ್ದರಿಂದ ಅಂತಸ್ತುಗಳು ತಗ್ಗು, ಕಟ್ಟಡ ಭಾರೀ ಆಳ. ನಡುಭಾಗ ತೆಗೆದು ಅಂಗಳ ಮಾಡದೆ ಅದನ್ನು ಮನೆ ಮಾಡುವುದು ಸಾಧ್ಯವೇ ಇರಲಿಲ್ಲ ಅನ್ನಬಹುದು. ಎತ್ತರದ ಸೂರು ಬೇಕು ಅಂತ ಗೋದಾಮು ಹುಡುಕುವವರು ಇದನ್ನು ಗಮನಿಸಿ. ಗೋದಾಮು ಅಂದಮಾತ್ರಕ್ಕೆ ಸೂರು ಎತ್ತರ ಇರಬೇಕು ಅಂತಿಲ್ಲ.

ಇಲ್ಲಿ ಬಿಟ್ಟುಕೊಡಬೇಕಾದ್ದು ಏನು? ಅಂಗಳದ ಕಡೆಗಿರುವ ಫ್ಲ್ಯಾಟಿಗೆ ನೀರಿನ ನೋಟ ಇಲ್ಲ, ಎದುರಿನ ಮನೆಯ ಕಿಟಕಿ ಹತ್ತಿರ. ಗಾಜಿನ ಮಾಡು ಇದ್ದರೆ ಅಲ್ಲಿ ಆಡಿದ ಮಾತು ಎಲ್ಲ ಅಂತಸ್ತಿಗೂ ಕೇಳುತ್ತದೆ. ಕೆಳಗಿನ ಅಂತಸ್ತಿಗೆ ಬೆಳಕು ಇಳಿಯುವಷ್ಟರಲ್ಲಿ ಮಂಕಾಗಿರುತ್ತದೆ. ಅದಕ್ಕೆ ಸರಿಯಾಗಿ ಬೆಲೆಯೂ ಇಳಿದಿರುತ್ತದೆ. ಹಗಲು ಹೊತ್ತು ಮನೆಯಲ್ಲಿ ಇರದವರಿಗೆ ಅಂಗಳದ ಕಡೆಯ ಫ್ಲ್ಯಾಟ್ ನಿಜಕ್ಕೂ ಲಾಭ. ಗಾಳಿ, ದೋಣಿ, ಓಡಾಡುವ ಜನ ಯಾವುದರ ಸದ್ದೂ ಇಲ್ಲದೆ ರಾತ್ರಿ ನಿದ್ದೆ ಬರುತ್ತದೆ.

ಮುಂಭಾಗ ಹಳೆಯದು, ಒಳಗೆಲ್ಲ ಹೊಸದು

ಬೀದಿಗೆ ಕಾಣುವ ಗೋಡೆ ಉಳಿಸಿ, ಹಿಂದೆ ಕಾಂಕ್ರೀಟ್ ಅಥವಾ ಉಕ್ಕಿನ ಹೊಸ ಕಟ್ಟಡ ಎಬ್ಬಿಸಿದ್ದು. ಹಳೇ ಕಟ್ಟಡ ಪ್ರೀತಿಸುವವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಮನೆಯಾಗಿ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ನೆಲ ಶಬ್ದ ತಡೆಯುತ್ತದೆ, ಗೋಡೆ ಬೆಚ್ಚಗಿರುತ್ತದೆ, ಲಿಫ್ಟ್ ಇರುತ್ತದೆ, ಪೈಪು ವೈರು ಎಲ್ಲ ಹೊಸದು. ಮಕ್ಕಳಿರುವವರಿಗೆ, ವಯಸ್ಸಾದ ಅಪ್ಪ ಅಮ್ಮ ಜೊತೆಗಿರುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಒಂದನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹಳೇ ಕಿಟಕಿಯ ಸಾಲಿಗೂ ಹೊಸ ನೆಲದ ಮಟ್ಟಕ್ಕೂ ಹೊಂದಿಕೆ ಇದೆಯಾ? ಒಂದು ಅಂತಸ್ತು ಜಾಸ್ತಿ ಸಿಗಲಿ ಅಂತ ನೆಲ ಏರಿಸಿದ್ದರೆ ಕಿಟಕಿ ಮೊಣಕಾಲ ಹತ್ತಿರ ಶುರುವಾಗಿ ಎದೆಮಟ್ಟಕ್ಕೆ ಮುಗಿದಿರುತ್ತದೆ. ಕೂತರೆ ನೀರು ಕಾಣುತ್ತದೆ, ನಿಂತರೆ ಗೋಡೆ. ಇನ್ನು ಬೆಲೆ. ಇಡೀ ಹಳೇ ಕಟ್ಟಡದ ದರ ಹೇಳಿದರೆ ಒಪ್ಪಬೇಡಿ. ಪಕ್ಕದ ಹೊಸ ಕಟ್ಟಡದ ದರಕ್ಕಿಂತ ಸ್ವಲ್ಪ ಮೇಲೆ, ಅಷ್ಟು ನ್ಯಾಯ. ಒಳಗೆ ಅಂಟಿಸಿದ ತೆಳು ಇಟ್ಟಿಗೆಯನ್ನು ಹಳೇ ಗೋಡೆ ಅಂತ ತೋರಿಸುವುದೂ ಉಂಟು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಹಿಂದೆ ಜಿಪ್ಸಂ ಹಲಗೆ ಇದೆ.

ಮಾಡಿನ ಮೇಲೆ ಏರಿಸಿದ ಮನೆ, ಪಕ್ಕದ ಹೊಸ ಕಟ್ಟಡ

ಗೋದಾಮಿನ ತಲೆಯ ಮೇಲೆ ಉಕ್ಕು, ಗಾಜಿನಲ್ಲಿ ಒಂದೆರಡು ಅಂತಸ್ತು ಏರಿಸುತ್ತಾರೆ. ಬೆಳಕಿನ ಚಿಂತೆ ಇಲ್ಲವೇ ಇಲ್ಲ, ನೋಟ ಎಲ್ಲಕ್ಕಿಂತ ಚೆನ್ನ. ಬೇಸಿಗೆಯಲ್ಲಿ ಕಾಯುತ್ತದೆ, ನದಿಯ ಗಾಳಿ ಹೊಡೆಯುತ್ತದೆ, ಬೆಲೆಯೂ ಹೆಚ್ಚಾಗಿ ಎಲ್ಲಕ್ಕಿಂತ ಮೇಲೆ. ಆದರೆ ನಿಮ್ಮ ಕೋಣೆಯಲ್ಲಿ ಹಳೇ ಗೋದಾಮಿನ ಒಂದು ಇಟ್ಟಿಗೆಯೂ ಇರುವುದಿಲ್ಲ. ಅದು ಗೊತ್ತಿದ್ದು ತಗೊಂಡರೆ ಸರಿ.

ಪಕ್ಕದ ಹೊಸ ಕಟ್ಟಡವನ್ನು ಸುಮ್ನೆ ತಳ್ಳಿಹಾಕಬೇಡಿ. ಗೋದಾಮಿನ ಒಳಗಿದ್ದರೆ ಗೋದಾಮು ನಿಮಗೆ ಕಾಣೋದಿಲ್ಲ, ಎದುರಿನ ಹೊಸ ಕಟ್ಟಡದ ಬಾಲ್ಕನಿಯಲ್ಲಿ ಕೂತರೆ ಇಡೀ ಸಾಲು ಕಾಣುತ್ತದೆ. ಬ್ರಿಟನ್ನಿನಲ್ಲಾದರೆ ಈ ಎರಡೂ ಬಗೆಗೆ ಹೊರಗೋಡೆಯ ಕಾಗದಪತ್ರ ಕೇಳಿ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದ ಬೆಂಕಿಯಲ್ಲಿ 72 ಜನ ಸತ್ತ ಮೇಲೆ, ಹೊರಗೋಡೆಗೆ ಹೊದಿಸಿದ ವಸ್ತು ಉರಿಯುವಂಥದ್ದಲ್ಲ ಅಂತ ಗೊತ್ತಾಗುವ ತನಕ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡತೊಡಗಿದವು. ದಪ್ಪ ಇಟ್ಟಿಗೆ ಗೋಡೆಯ ಹಳೇ ಗೋದಾಮಿಗೆ ಈ ತಲೆನೋವು ಕಮ್ಮಿ.

ಗೋದಾಮಿನ ನೆಂಟರು: ಕಣಜ ಮತ್ತು ಕಟ್ಟೆ

ಕೋಪನ್‌ಹೇಗನ್ನಿನಲ್ಲಿ ಎರಡು ಕಾಂಕ್ರೀಟ್ ಕಣಜಗಳನ್ನು 2005ರಲ್ಲಿ ಮನೆ ಮಾಡಿದರು, ಜೆಮಿನಿ ರೆಸಿಡೆನ್ಸ್ ಅಂತ. ಕಣಜದ ಗೋಡೆಗೆ ತುಂಬಾ ತೂತು ಕೊರೆದರೆ ಅದರ ಬಲವೇ ಹೋಗುತ್ತದೆ. ಹಾಗಾಗಿ ಎಂ.ವಿ.ಆರ್.ಡಿ.ವಿ. ಎಂಬ ವಾಸ್ತುಶಿಲ್ಪಿಗಳ ತಂಡ ಮನೆಗಳನ್ನು ಹೊರಗಡೆಗೆ ಅಂಟಿಸಿ, ಒಳಗಿನ ಟೊಳ್ಳಿನಲ್ಲಿ ಮೆಟ್ಟಿಲು, ಲಿಫ್ಟ್ ಇಟ್ಟಿತು. ಕತ್ತಲ ಜಾಗವನ್ನು ಓಡಾಟಕ್ಕೆ ಬಿಟ್ಟು ವಾಸವನ್ನೆಲ್ಲ ಬೆಳಕಿಗೆ ತಂದ ಈ ಯೋಚನೆ ನನಗೆ ತುಂಬಾ ಇಷ್ಟ. ಸಿಡ್ನಿಯ ವುಲ್ಲೂಮುಲೂ ಫಿಂಗರ್ ವಾರ್ಫ್ ನೀರಿನ ಮೇಲೆ ಮರದ ಕಂಬಗಳಲ್ಲಿ ನಿಂತ, ಸುಮಾರು 400 ಮೀಟರ್ ಉದ್ದದ ಕಟ್ಟೆ. ಒಡೆಯಲು ಹೊರಟಾಗ ಜನ ಅಡ್ಡನಿಂತು ಉಳಿಸಿಕೊಂಡರು.  ಇಂಥಲ್ಲಿ ಕೇಳಬೇಕಾದ್ದು ನೀರಿನಡಿಯ ಕಂಬಗಳ ಬಗ್ಗೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಇರುತ್ತದೆ, ಕಂಬಗಳನ್ನು ಮುಳುಗುಗಾರರಿಂದ ಪರೀಕ್ಷೆ ಮಾಡಿಸುವ ಖರ್ಚು ವಾಸಿಗಳ ಮೇಲೇ ಬೀಳಬಹುದು.

ಹಾಗಾದರೆ ನಿಮಗೆ ಯಾವುದು

ಮನೆಯಿಂದಲೇ ಕೆಲಸ ಮಾಡುವವರು ನಡುವೆ ತೆರೆದ ಕಟ್ಟಡದಲ್ಲಿ ಮೇಲಿನ ಅಂತಸ್ತು, ಇಲ್ಲವೇ ಸರಕು ಬಾಗಿಲಿರುವ ಹಳೇ ಫ್ಲ್ಯಾಟ್ ನೋಡಿ. ಇಡೀ ದಿನ ದೀಪ ಹಾಕಿಕೊಂಡು ಕೂರುವ ಮನೆಗೆ ಎಷ್ಟೇ ಚೆಂದದ ತೊಲೆ ಇದ್ದರೂ ವರ್ಷ ತುಂಬುವ ಮೊದಲೇ ಬೇಜಾರು ಬರುತ್ತದೆ. ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ಆಳದ, ಕತ್ತಲ ಫ್ಲ್ಯಾಟ್ ಏನೂ ತೊಂದರೆಯಲ್ಲ, ಚೌಕಾಸಿಗೆ ಅದೇ ಒಳ್ಳೆ ಕಾರಣ. ನಿದ್ದೆ ಸೂಕ್ಷ್ಮ ಇರುವವರು ಮರದ ನೆಲದ ಕಟ್ಟಡದಲ್ಲಿ ಎಲ್ಲಕ್ಕೂ ಮೇಲಿನ ಅಂತಸ್ತು ಸಿಕ್ಕರೆ ಮಾತ್ರ ಯೋಚಿಸಿ. ಮಕ್ಕಳು, ಹಿರಿಯರು ಇರುವ ಮನೆಗೆ ಮುಂಭಾಗ ಉಳಿಸಿದ ಬಗೆ. ಕೈಯಲ್ಲಿ ಹಣ ಬಿಗಿ ಇದ್ದು ದೊಡ್ಡ ರಿಪೇರಿ ಬಿಲ್ ಬಂದರೆ ತಾಳಲು ಆಗೋದಿಲ್ಲ ಅನ್ನುವವರು ಸಣ್ಣ ಸಂರಕ್ಷಿತ ಕಟ್ಟಡದಿಂದ ದೂರ ಇರಿ, ಅಲ್ಲಿ ಹಂಚಿಕೊಳ್ಳಲು ಜನ ಕಮ್ಮಿ. ಅಂಥವರು ಮೊದಲು ಅಲ್ಲೇ ಒಂದು ವರ್ಷ ಬಾಡಿಗೆಗಿದ್ದು ನೋಡುವುದು ಒಳ್ಳೆಯದು. ಒಂದು ಚಳಿಗಾಲ ಕಳೆದರೆ ಗೋಡೆ, ಕಿಟಕಿ, ಬಿಸಿಗೆ ಆಗುವ ಖರ್ಚು ಎಲ್ಲದರ ನಿಜ ಗೊತ್ತಾಗುತ್ತದೆ.

ಎರಡು ಮನೆಗೆ ಇಳಿಸಿಕೊಂಡ ಮೇಲೆ ಒಂದೊಂದಕ್ಕೂ ಎರಡು ಸಲ ಹೋಗಿ. ಒಮ್ಮೆ ಮಧ್ಯಾಹ್ನ, ನೀರು ಇಳಿದಿರುವಾಗ. ಇನ್ನೊಮ್ಮೆ ರಾತ್ರಿ ಊಟದ ಹೊತ್ತಿಗೆ, ಮೇಲಿನ ಮನೆಯವರು ಓಡಾಡುತ್ತಿರುವಾಗ. ನಿವಾಸಿಗಳ ಸಂಘದ ಹಿಂದಿನ ಮೂರು ವರ್ಷದ ಸಭೆಗಳ ನಡಾವಳಿ ಕೇಳಿ ಓದಿ. ಮಾಡು ಸೋರಿದ್ದು, ನದಿ ಗೋಡೆಗೆ ಎಸ್ಟಿಮೇಟ್ ಬಂದದ್ದು, ಲಿಫ್ಟ್ ಬದಲಿಸುವ ಜಗಳ, ಎಲ್ಲ ಅದರಲ್ಲಿ ಇರುತ್ತದೆ. ರಿಪೇರಿಗೆ ಅಂತ ಕೂಡಿಟ್ಟ ನಿಧಿ ಎಷ್ಟಿದೆ, ಮುಂದಿನ ಹತ್ತು ವರ್ಷಕ್ಕೆ ಯಾವ ಕೆಲಸ ಬಾಕಿ ಇದೆ ಅಂತ ಬರಹದಲ್ಲಿ ಕೇಳಿ. ಸರ್ವೇ ಮಾಡಿಸುವಾಗ ಹೊಸ ಫ್ಲ್ಯಾಟುಗಳನ್ನಷ್ಟೇ ನೋಡುವವರನ್ನು ಕರೆಯಬೇಡಿ. ಸುಣ್ಣದ ಗಾರೆ, ಎರಕದ ಕಬ್ಬಿಣ, ಹಳೇ ಮರ ಗೊತ್ತಿರುವವರಿಗೆ ಫೀಸು ಜಾಸ್ತಿ ಕೊಟ್ಟರೂ ಪರವಾಗಿಲ್ಲ. ತೊಲೆ ತುದಿಯ ತೇವವನ್ನು ಮೀಟರ್ ಇಟ್ಟು ಅಳೆದು ಕೊಡಲು ಹೇಳಿ, ಅಂಕಿಯನ್ನು ವರದಿಯಲ್ಲೇ ಬರೆಸಿಕೊಳ್ಳಿ.